ಫೈಬರ್ ದೋಣಿ ಕೊಳೆಯುವುದಿಲ್ಲವೇ?

1959ರ ನ್ಯೂಯಾರ್ಕ್ ದೋಣಿ ಪ್ರದರ್ಶನದಲ್ಲಿ ಪಿಯರ್ಸನ್ ಕಂಪನಿ ‘ಟ್ರೈಟನ್’ ಎಂಬ 28 ಅಡಿಯ ಹಾಯಿದೋಣಿಯನ್ನು ಮುಂದಿಟ್ಟಿತು. ವಿನ್ಯಾಸ ಕಾರ್ಲ್ ಆಲ್ಬರ್ಗ್ ಅವರದು, ಮೈ ಫೈಬರ್‌ಗ್ಲಾಸಿನದು. ಮರದ ದೋಣಿಯ ಸಂದು ತುಂಬಿ, ಬಣ್ಣ ಬಳಿದು ಬೇಸತ್ತಿದ್ದವರು ಮುಗಿಬಿದ್ದರು. ಮುಂದೆ ಅಮೆರಿಕದಲ್ಲಿ ಇಂಥ ದೋಣಿಗಳು ಸಾವಿರಗಟ್ಟಲೆ ತಯಾರಾದವು. ಅವು ಗಟ್ಟಿಮುಟ್ಟು ಎನ್ನುವುದರಲ್ಲಿ ಅನುಮಾನವಿಲ್ಲ: ಜೇಮ್ಸ್ ಬಾಲ್ಡ್‌ವಿನ್ ಎಂಬ ನಾವಿಕರು ‘ಆಟಮ್’ ಹೆಸರಿನ ಹಳೆಯ ಟ್ರೈಟನ್‌ನಲ್ಲಿ ಎರಡು ಸಲ ಭೂಮಿ ಸುತ್ತಿ ಬಂದಿದ್ದಾರೆ. ಆ ಕಾಲದ ದೋಣಿಗಳು ಈಗ ಅಗ್ಗಕ್ಕೆ ಸಿಗುತ್ತವೆ. ಕೊಂಡವರು ಕ್ಯಾಬಿನ್ನಿಗೆ ಇಳಿದು, ಮುಗ್ಗಲು ವಾಸನೆಗೆ ಮೂಗು ಮುಚ್ಚಿಕೊಂಡು, ಮರುದಿನವೇ ಬಣ್ಣದ ಡಬ್ಬಿ ತರುತ್ತಾರೆ. ತಪ್ಪುಗಳು ಶುರುವಾಗುವುದು ಇಲ್ಲಿಂದ.

“ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ, ಹಾಗಾಗಿ ದೋಣಿಯೂ ಕೊಳೆಯುವುದಿಲ್ಲ.” ಮೊದಲರ್ಧ ನಿಜ. ಆದರೆ ಫೈಬರ್ ದೋಣಿಯೊಳಗೆ ಮರ ಎಷ್ಟಿದೆ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಅಡ್ಡಗೋಡೆಗಳು ಪ್ಲೈವುಡ್. ಮಲಗುವ ಜಾಗ, ಅಡುಗೆಕಟ್ಟೆ, ನೆಲವೂ ಹೆಚ್ಚಾಗಿ ಅದೇ. ಬಹಳಷ್ಟು ದೋಣಿಗಳಲ್ಲಿ ಡೆಕ್ ಅಂದರೆ ಎರಡು ಫೈಬರ್ ಪದರಗಳ ನಡುವೆ ಕೂಡಿಸಿದ ಹಗುರವಾದ ಬಾಲ್ಸಾ ಮರ. ಡೆಕ್ಕಿಗೆ ಬಿಗಿದ ಒಂದು ಬೋಲ್ಟಿನ ಸುತ್ತ ಸಂದು ಬಿಟ್ಟರೂ ಸಾಕು, ನೀರು ಒಳಹೊಕ್ಕು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ. ಮೇಲೆ ತಳುಕು, ಒಳಗೆ ಹುಳುಕು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಮ್ಮ ಮಲ್ಪೆ, ಗಂಗೊಳ್ಳಿಯ ಫೈಬರ್ ದೋಣಿಗಳಲ್ಲೂ ಎಂಜಿನ್ ಹೊರುವ ಹಿಂಬದಿಯ ಪದರದೊಳಗೆ ಮರ ಕೂಡಿಸಿದ್ದರೆ, ನೀರು ಹೊಕ್ಕಾಗ ಅದಕ್ಕೂ ಇದೇ ಗತಿ.

“ಕ್ಯಾಬಿನ್ನಿನ ಅಡ್ಡಗೋಡೆ ಬರೀ ಮರೆ, ಜಾಗ ಸಾಲದಿದ್ದರೆ ಕಿತ್ತುಹಾಕಬಹುದು.” ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಹಾಯಿಕಂಬವನ್ನು ಎರಡೂ ಬದಿಯಿಂದ ಎಳೆದು ನಿಲ್ಲಿಸುವ ಉಕ್ಕಿನ ಹಗ್ಗಗಳಿವೆಯಲ್ಲ, ಅವುಗಳ ಬುಡದ ಲೋಹದ ಪಟ್ಟಿ ಎಷ್ಟೋ ದೋಣಿಗಳಲ್ಲಿ ಡೆಕ್ಕನ್ನು ತೂರಿ ಕೆಳಗಿಳಿದು, ಈ ಅಡ್ಡಗೋಡೆಗೇ ಬೋಲ್ಟಾಗಿರುತ್ತದೆ. ಗಾಳಿ ಹಾಯಿಗೆ ಹೊಡೆದಾಗ ಬರುವ ಸೆಳೆತವೆಲ್ಲ ಈ ಪ್ಲೈವುಡ್ಡಿನ ಮೇಲೆ. ಕಂಬ ಡೆಕ್ಕಿನ ಮೇಲೇ ನಿಂತಿದ್ದರೆ ಅದರ ಭಾರವನ್ನೂ ಕೆಳಗಿನ ತೊಲೆ, ಗೋಡೆಗಳೇ ಹೊರಬೇಕು.

ಪಟ್ಟಿ ಡೆಕ್ಕನ್ನು ತೂರುವ ಆ ಸೀಳಿನಲ್ಲಿ ನೀರು ಜಿನುಗುತ್ತದೆ. ಮೊದಲು ವಾರ್ನಿಶ್ ಅಡಿಯಲ್ಲಿ ಕಪ್ಪು ಕಲೆ ಮೂಡುತ್ತದೆ, ಆಮೇಲೆ ಪ್ಲೈವುಡ್ಡಿನ ಪದರ ಉಬ್ಬುತ್ತದೆ. ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ: ಗಟ್ಟಿ ಮರವಾದರೆ ಗೀರಷ್ಟೇ ಬೀಳುತ್ತದೆ, ಲಡ್ಡಾಗಿದ್ದರೆ ತುದಿ ಮೆತ್ತಗೆ ಒಳಗಿಳಿದು ಒದ್ದೆ ಪುಡಿ ಹೊರಬರುತ್ತದೆ. ಹಾಗೆಯೇ ಆ ಪಟ್ಟಿಯನ್ನೂ ಬಿಚ್ಚಿ ನೋಡಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ ಎನ್ನುವುದು ಅರ್ಧ ಸತ್ಯ. ಅದನ್ನು ಕಾಯುವ ತೆಳು ಪದರಕ್ಕೆ ಆಮ್ಲಜನಕ ಬೇಕು. ಗಾಳಿಯಾಡದ ಒದ್ದೆ ಸೀಳಿನಲ್ಲಿ ಆ ಪದರ ಸೋಲುತ್ತದೆ, ಕಣ್ಣಿಗೆ ಬೀಳದ ಕಡೆಯೇ ಲೋಹ ಬಿರಿಯುತ್ತದೆ.

“ಮರೈನ್ ಪ್ಲೈವುಡ್ ಹಾಕಿದರೆ ಮತ್ತೆ ಕೊಳೆಯುವ ಮಾತಿಲ್ಲ.” ನೀರಿಗೆ ಬಗ್ಗದಿರುವುದು ಅದರ ಅಂಟು, ಮರವಲ್ಲ. ಒಳಗೆ ಟೊಳ್ಳಿಲ್ಲದ ಒಳ್ಳೆಯ ಪದರಗಳು ಎಂಬುದೂ ನಿಜ. ಆದರೆ ದೋಣಿಕಟ್ಟುವವರು ಮೆಚ್ಚುವ ಒಕುಮೆ ಮರ ಸ್ವಭಾವತಃ ಬೇಗ ಕೊಳೆಯುವಂಥದ್ದು. ಹಲಗೆಯ ಅಂಚು, ತೂತುಗಳಿಗೆಲ್ಲ ಎಪಾಕ್ಸಿ ರಾಳ ಕುಡಿಸದೆ ಕೂರಿಸಿದರೆ ದುಬಾರಿ ಹಲಗೆಯೂ ಹೋಯಿತೆಂದೇ ಲೆಕ್ಕ. ಹೊಸ ಗೋಡೆಯನ್ನು ದೋಣಿಯ ಮೈಗೆ ಬೆಸೆಯುವಾಗಲೂ ಎಪಾಕ್ಸಿಯೇ ಮೇಲು. ದೋಣಿಯ ಮೈಯ ಹಳೆಯ ಪಾಲಿಯೆಸ್ಟರ್ ರಾಳದ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಹಾಗೆ ಹಿಡಿಯುವುದಿಲ್ಲ.

ತೇಗದ ವಿಷಯಕ್ಕೆ ಬಂದರೆ, “ತೇಗ ತಾನೇ, ಯಂತ್ರ ಹಾಕಿ ಉಜ್ಜಿ” ಎನ್ನುವವರನ್ನು ದೂರ ಇಡಿ. ಕ್ಯಾಬಿನ್ನಿನ ‘ತೇಗ’ ಹೆಚ್ಚಿನ ಕಡೆ ಪ್ಲೈವುಡ್ ಮೇಲಿನ ವಿನೀರ್, ಎಷ್ಟೋ ಸಲ ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಯಂತ್ರ ಹಿಡಿದರೆ ಕ್ಷಣದಲ್ಲಿ ಕೆಳಗಿನ ಬಿಳಿ ಮರ ಕಾಣುತ್ತದೆ. ಆಮೇಲೆ ಮಾಡುವಂಥದ್ದು ಏನೂ ಇಲ್ಲ. ಎಮರಿ ಪೇಪರನ್ನು ಕೈಯಲ್ಲೇ, ಎಳೆಯ ಗುಂಟ ಆಡಿಸಿ.

“ಬೂಸ್ಟಿಗೆ ಬ್ಲೀಚ್ ಹೊಡೆದರಾಯಿತು.” ಕಲೆ ಹೋಗುತ್ತದೆ, ಬೂಸ್ಟು ಮತ್ತೆ ಬರುತ್ತದೆ. ತಣ್ಣನೆಯ ಫೈಬರ್ ಮೈಗೆ ಉಸಿರಿನ ತೇವ ತಾಗಿ, ಹಾಸಿಗೆಯ ಹಿಂದೆ ಹನಿಗಟ್ಟುತ್ತದೆ. ಗಾಳಿ ಬರಲೊಂದು ದಾರಿ, ಹೋಗಲೊಂದು ದಾರಿ ಮಾಡಿ, ಹಾಸಿಗೆಯ ಕೆಳಗೆ ಪಟ್ಟಿ ಹೊಡೆದು ಎತ್ತರಿಸಿ. ಚಳಿಗೆಂದು ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರ್ ಹಚ್ಚಿದರೆ ಕ್ಯಾಬಿನ್ ಒಣಗುತ್ತದೆ ಎಂದುಕೊಳ್ಳುವವರಿದ್ದಾರೆ. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ, ಅದೆಲ್ಲ ನಿಮ್ಮ ಗೋಡೆಗೇ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅಪಾಯ ಬೇರೆ. ಸೋರಿದ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಹೊರಗೆ ಹೋದೀತು, ದೋಣಿಯಲ್ಲಿ ತಳದಲ್ಲೇ ಶೇಖರವಾಗಿ ಒಂದು ಕಿಡಿಗಾಗಿ ಕಾಯುತ್ತದೆ.

ಒಳಗಿನ ಮರವನ್ನು ಕೊಳೆಸುವ ನೀರು ಇಳಿಯುವುದು ಮೇಲಿನಿಂದ. ಆದ್ದರಿಂದ ಕ್ಯಾಬಿನ್ನಿನ ಕೆಲಸ ಡೆಕ್ಕಿನ ಮೇಲೆ ಶುರುವಾಗಬೇಕು. ಒಬ್ಬರು ಮೇಲೆ ಪೈಪಿನಲ್ಲಿ ನೀರು ಬಿಡಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಸೋರುವ ಬೋಲ್ಟುಗಳನ್ನೆಲ್ಲ ಬಿಚ್ಚಿ ಬ್ಯೂಟೈಲ್ ಟೇಪ್ ಹಾಕಿ ಮತ್ತೆ ಬಿಗಿಯಿರಿ. ಸಿಲಿಕೋನ್ ಬೇಡ: ಅದರ ಜಿಡ್ಡು ಉಳಿದ ಕಡೆ ಮುಂದೆ ಬಣ್ಣವೂ ಹಿಡಿಯದು, ಬೇರೆ ಅಂಟೂ ಕೂರದು.

ಕೊನೆಯದಾಗಿ, “ಒಳಗೆ ಚೆಂದ ಮಾಡಿದರೆ ಮಾರುವಾಗ ಹಾಕಿದ ದುಡ್ಡು ಬರುತ್ತದೆ” ಎಂಬ ಆಸೆ. ಅರವತ್ತರ ದಶಕದ ದೋಣಿಯಲ್ಲಿ ಅದು ಬರುವುದಿಲ್ಲ. ಮರಗೆಲಸದ ಖುಷಿಗೆ, ಆ ದೋಣಿಯ ಮೇಲಿನ ಮೋಹಕ್ಕೆ ಮಾಡುವುದಾದರೆ ಮಾಡಿ. ಲಾಭಕ್ಕಾದರೆ ಆ ದುಡ್ಡಿಗೆ ಈಗಾಗಲೇ ಯಾರೋ ಸರಿಮಾಡಿಟ್ಟ ದೋಣಿಯನ್ನೇ ಕೊಳ್ಳಿ.