ತುರಿಕೆ ಬಂದರೆ ರಕ್ತ ಕೆಟ್ಟಿದೆ ಎಂದರ್ಥವೇ?

'ಮೈ ತುರಿಸಿದರೆ ರಕ್ತ ಕೆಟ್ಟಿದೆ, ಬೇವಿನ ರಸ ಕುಡಿಯಿರಿ' ಎನ್ನುವ ಮಾತು ಮೊಬೈಲ್‌ಗಿಂತ ಹಳೆಯದು, ಈಗ ಫಾರ್ವರ್ಡ್ ಆಗಿ ಓಡಾಡುತ್ತಿದೆ. ಆದರೆ ತುರಿಕೆ ಎನ್ನುವುದು ನರಗಳು ಮಿದುಳಿಗೆ ಮುಟ್ಟಿಸುವ ಸುದ್ದಿ.

ಸೊಳ್ಳೆ ಕಚ್ಚಿದಾಗ ಅದರ ಜೊಲ್ಲಿನಿಂದ ಕೆರಳಿದ ಚರ್ಮದ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ತೆಳುವಾದ ನರತುದಿಗಳನ್ನು ಚುರುಕುಗೊಳಿಸುತ್ತದೆ. ಸುದ್ದಿ ಬೆನ್ನುಹುರಿಯ ಮೂಲಕ ಮಿದುಳಿಗೆ ಹೋಗುತ್ತದೆ, ಕೈ ತಾನಾಗಿ ಆ ಜಾಗಕ್ಕೆ ಬರುತ್ತದೆ. ಕೆರೆದಾಗ ಆಗುವ ಸಣ್ಣ ನೋವು ಬೆನ್ನುಹುರಿಯಲ್ಲೇ ತುರಿಕೆಯನ್ನು ತಡೆಯುವುದರಿಂದ ಹಾಯೆನಿಸುತ್ತದೆ. ಆದರೆ ಕೆರೆದಷ್ಟೂ ಚರ್ಮ ಊದಿಕೊಂಡು ಮತ್ತೆ ತುರಿಸುತ್ತದೆ.

ಹಾಗಂತ ಎಲ್ಲ ತುರಿಕೆಗೂ ಹಿಸ್ಟಮಿನ್ ಕಾರಣವಲ್ಲ. ನಸುಗುನ್ನಿ ಕಾಯಿಯ ರೋಮ ತಾಗಿದರೆ ಉರಿಯುತ್ತಾ ತುರಿಸುತ್ತದಲ್ಲ, ಅದು ಹೋಗುವ ನರದ ದಾರಿಯೇ ಬೇರೆ.

ನಮ್ಮ ಕಡೆ ಹೆಚ್ಚು ಕಾಡುವುದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆ ಬಳಿ ಕಣ್ಣಿಗೆ ಬಿತ್ತು. ಇಂದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲೇ ಹೋಗಿ, ಮಳೆ ಬಿದ್ದ ಮೇಲೆ ರಸ್ತೆ ಬದಿಯಲ್ಲೂ ಬೀಳು ಹೊಲದಲ್ಲೂ ಅದರ ಬಿಳಿ ಹೂವು. ಅದರ ಒಣ ಚೂರುಗಳು ಗಾಳಿಯಲ್ಲಿ ತೂರಿ ಬಂದು ಮೈಗೆ ಕೂರುತ್ತವೆ. ಅಲರ್ಜಿ ಇರುವವರಿಗೆ ಒಂದೆರಡು ದಿನ ಬಿಟ್ಟು ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಶುರುವಾಗುತ್ತದೆ. ಇಲ್ಲಿ ಕೆಲಸ ಮಾಡುವುದು ರೋಗನಿರೋಧಕ ಟಿ ಕೋಶಗಳು. ಆದ್ದರಿಂದ ಹಿಸ್ಟಮಿನ್ ತಡೆಯುವ ಸೆಟ್ರಿಜಿನ್ ಮಾತ್ರೆ ನುಂಗಿದರೆ ನಿದ್ದೆ ಬರಬಹುದು, ತುರಿಕೆ ಅಷ್ಟಾಗಿ ತಗ್ಗದು. ಕಳೆ ಕೀಳುವಾಗ ಕೈಗವಸು, ತುಂಬು ತೋಳಿನ ಅಂಗಿ ಹಾಕಿ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ.

ರಾತ್ರಿ ಹೆಚ್ಚು ತುರಿಸಿ, ಬೆರಳ ಸಂದಿಯಲ್ಲಿ ಗುಳ್ಳೆ ಎದ್ದು, ಮನೆಯವರಿಗೆಲ್ಲ ಹರಡಿದ್ದರೆ ಕಜ್ಜಿ ಇರಬಹುದು. ಅದು ಚರ್ಮದೊಳಗೆ ಕೊರೆಯುವ ಸಣ್ಣ ಹುಳುವಿನ ಕೆಲಸ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಸ್ಟಿರಾಯ್ಡ್ ಕ್ರೀಮ್ ಹಚ್ಚಿದರೆ ಕೆಂಪು ಇಳಿಯುತ್ತದೆ, ಹುಳು ಉಳಿಯುತ್ತದೆ. ವೈದ್ಯರು ಕೊಟ್ಟ ಮುಲಾಮನ್ನು ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು.

ರಕ್ತದ ಮಾತು ಬರುವುದು ಒಂದು ಕಡೆ. ಗುಳ್ಳೆ, ಕಲೆ ಏನೂ ಇಲ್ಲದೆ ವಾರಗಟ್ಟಲೆ ಮೈಯೆಲ್ಲ ತುರಿಸಿದರೆ ಪಿತ್ತಕೋಶ, ಯಕೃತ್ತು, ಕಿಡ್ನಿ ಅಥವಾ ಥೈರಾಯ್ಡ್ ತೊಂದರೆ ಇರಬಹುದು. ಆಗ ಬೇವಿನ ರಸ ಕುಡಿಯುತ್ತಾ ದಿನ ದೂಡಬೇಡಿ, ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.