384 ಎಂಬ ಸಂಖ್ಯೆ ತಿಕೋಟಾಕ್ಕೆ ಬಂದಾಗ

ಶಿಕ್ಷಣಶಾಸ್ತ್ರ, ಸಮಾಜಶಾಸ್ತ್ರ, ಮಹಿಳಾ ಅಧ್ಯಯನದ ಪಿಎಚ್.ಡಿ. ಪ್ರಬಂಧಗಳನ್ನು ಒಂದರ ಹಿಂದೊಂದು ತೆರೆದು ನೋಡಿದರೆ 'ಸಂಶೋಧನಾ ವಿಧಾನ' ಎಂಬ ಅಧ್ಯಾಯದಲ್ಲಿ ಒಂದು ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ: 384. ಮಾಹಿತಿ ಕೊಟ್ಟವರು 384 ಜನ, ತುಂಬಿಸಿದ ಪ್ರಶ್ನಾವಳಿಗಳು 384. ಇದರ ಮೂಲ 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು ಪ್ರಕಟಿಸಿದ ಪುಟ್ಟ ಕೋಷ್ಟಕ. ಒಟ್ಟು ಜನ ಸಾವಿರವಿದ್ದರೆ 278 ಮಂದಿಯನ್ನು ಕೇಳಿದರೆ ಸಾಕು, ಹತ್ತು ಸಾವಿರವಿದ್ದರೆ 370, ಹತ್ತು ಲಕ್ಷವಿದ್ದರೂ 384 ಎನ್ನುತ್ತದೆ ಅದು. ಸಂಶೋಧನಾ ವಿಧಾನದ ಪುಸ್ತಕಗಳು ಈ ಕೋಷ್ಟಕವನ್ನು ಮನೆಮಾತಾಗಿಸಿವೆ. ಅದರ ಜೊತೆಗೇ ಒಂದು ನಂಬಿಕೆಯೂ ಗಟ್ಟಿಯಾಗಿ ಬೇರೂರಿದೆ: ಇಷ್ಟು ಜನರಿಂದ ಪ್ರಶ್ನಾವಳಿ ತುಂಬಿಸಿಕೊಂಡು ಬಂದರೆ ಅಧ್ಯಯನ ವೈಜ್ಞಾನಿಕ, ಇದಕ್ಕಿಂತ ಹೆಚ್ಚು ತಂದರೆ ಇನ್ನಷ್ಟು ವೈಜ್ಞಾನಿಕ. ಈ ನಂಬಿಕೆ ತಪ್ಪು. ಎಷ್ಟು ಜನ ಎಂಬುದು ಎರಡನೆಯ ಪ್ರಶ್ನೆ. ಯಾರು, ಯಾವ ಪಟ್ಟಿಯಿಂದ, ಯಾವ ತಿಂಗಳಲ್ಲಿ ಎಂಬುದು ಮೊದಲನೆಯದು. ಅದಕ್ಕೆ ಉತ್ತರವಿಲ್ಲದ ಕಡೆ 384ಕ್ಕೆ ಯಾವ ಅರ್ಥವೂ ಇಲ್ಲ.

ಕೋಷ್ಟಕದಲ್ಲಿ ಸುಳ್ಳೇನೂ ಇಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಪಾತ್ರೆ ಚಿಕ್ಕದೋ ದೊಡ್ಡದೋ ಎಂದು ಯಾರೂ ಲೆಕ್ಕ ಹಾಕುವುದಿಲ್ಲ, ಚೆನ್ನಾಗಿ ತಿರುವಿ ಒಂದೆರಡು ಅಗುಳು ಹಿಸುಕಿದರೆ ತಿಳಿಯುತ್ತದೆ. ಒಟ್ಟು ಜನಸಂಖ್ಯೆ ಹತ್ತು ಸಾವಿರದಿಂದ ಹತ್ತು ಲಕ್ಷಕ್ಕೆ ಏರಿದರೂ ಮಾದರಿಯ ಗಾತ್ರ ಹೆಚ್ಚೇನೂ ಏರದಿರುವುದು ಇದೇ ಕಾರಣಕ್ಕೆ. 'ಜಿಲ್ಲೆ ದೊಡ್ಡದು, ಆದ್ದರಿಂದ ಮಾದರಿಯೂ ದೊಡ್ಡದಿರಬೇಕು' ಎಂಬ ಮಾತಿಗೆ ಆಧಾರವಿಲ್ಲ. ಆದರೆ ಎಲ್ಲವೂ ನಿಂತಿರುವುದು ಆ ತಿರುವುವ ಕೆಲಸದ ಮೇಲೆ. ಪ್ರತಿಯೊಬ್ಬರ ಹೆಸರೂ ಒಂದು ಪಟ್ಟಿಯಲ್ಲಿದೆ, ಆರಿಸಲ್ಪಡುವ ಅವಕಾಶ ಎಲ್ಲರಿಗೂ ಸಮನಾಗಿದೆ, ಚೀಟಿ ಎತ್ತಿದಂತೆ ಆಯ್ಕೆ ನಡೆದಿದೆ, ಆಯ್ಕೆಯಾದವರೆಲ್ಲ ಉತ್ತರ ಕೊಟ್ಟಿದ್ದಾರೆ: ಇಷ್ಟೂ ನಿಜವಾಗಿದ್ದರೆ ಮಾತ್ರ ನೂರಕ್ಕೆ ತೊಂಬತ್ತೈದು ಸಲ ನಮ್ಮ ಉತ್ತರ ನಿಜಸ್ಥಿತಿಯಿಂದ ಶೇ. 5ರೊಳಗೆ ಇರುತ್ತದೆ. ಪುಸ್ತಕದಿಂದ ಪ್ರಬಂಧಕ್ಕೆ ಬರುವ ದಾರಿಯಲ್ಲಿ ಸಂಖ್ಯೆ ಉಳಿದುಕೊಳ್ಳುತ್ತದೆ, ಷರತ್ತುಗಳು ಉದುರಿಹೋಗುತ್ತವೆ.

ಇದನ್ನು ವಿಜಯಪುರದ ನೆಲದ ಮೇಲಿಟ್ಟು ನೋಡೋಣ. 2003ರಲ್ಲಿ ಇಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಉತ್ತರ ಕರ್ನಾಟಕದ ಎಷ್ಟೋ ಹೆಣ್ಣುಮಕ್ಕಳಿಗೆ ಸಂಶೋಧನೆ ಕೈಗೆಟುಕಿತು. ಅದು ನಿಜಕ್ಕೂ ದೊಡ್ಡ ಸಂಗತಿ. ನಗರದಿಂದ ಅಥಣಿ ರಸ್ತೆ ಹಿಡಿದರೆ ತೊರವಿ, ಮುಂದೆ ತಿಕೋಟಾ. ಜಮಖಂಡಿ ದಿಕ್ಕಿಗೆ ಹೊರಟರೆ ಬಬಲೇಶ್ವರ. 'ತಿಕೋಟಾ ತಾಲ್ಲೂಕಿನ ಗ್ರಾಮೀಣ ಹೆಣ್ಣುಮಕ್ಕಳ ಶಿಕ್ಷಣ' ಎಂಬ ವಿಷಯವನ್ನು ಯಾರಾದರೂ ಎತ್ತಿಕೊಂಡರೆ ಅವರಿಗೆ ಎದುರಾಗುವ ಮೊದಲ ತೊಡಕು, 2011ರ ಜನಗಣತಿಯಲ್ಲಿ ಆ ಹೆಸರಿನ ತಾಲ್ಲೂಕೇ ಇಲ್ಲದಿರುವುದು. ಆಗ ಜಿಲ್ಲೆಯಲ್ಲಿದ್ದದ್ದು ಐದೇ ತಾಲ್ಲೂಕು: ವಿಜಯಪುರ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ. ತಿಕೋಟಾ, ಬಬಲೇಶ್ವರ ಸೇರಿ ಹೊಸ ತಾಲ್ಲೂಕುಗಳು ಘೋಷಣೆಯಾದದ್ದು 2017ರ ರಾಜ್ಯ ಬಜೆಟ್ಟಿನಲ್ಲಿ. ಹಳೆಯ ವಿಜಯಪುರ ತಾಲ್ಲೂಕಿನ ಅಂಕಿಗಳಲ್ಲಿ ನಗರವೂ ಬೆರೆತಿರುವುದರಿಂದ ಅವನ್ನು ಎತ್ತಿ ತಿಕೋಟಾಕ್ಕೆ ಅಂಟಿಸುವಂತಿಲ್ಲ. ಹಳ್ಳಿವಾರು ಪಟ್ಟಿ ತೆರೆದು, ಇಂದಿನ ಗಡಿಯೊಳಗಿರುವ ಊರುಗಳನ್ನು ಒಂದೊಂದಾಗಿ ಕೂಡಿಸಿ ತಾಲ್ಲೂಕನ್ನು ಕಾಗದದ ಮೇಲೆ ಮತ್ತೆ ಕಟ್ಟಬೇಕು. ಬೇಸರದ ಕೆಲಸ, ಹದಿನೈದು ದಿನ ಬೇಕಾಗಬಹುದು. ಆದರೆ ಸಂಶೋಧನೆ ಶುರುವಾಗುವುದು ಇಲ್ಲಿಂದಲೇ, ಪ್ರಶ್ನಾವಳಿ ಅಚ್ಚಾಗುವ ಮೊದಲೇ.

ಎರಡನೆಯ ತೊಡಕು ಊರುಗಳ ಆಯ್ಕೆ. ಮನೆಮನೆಯ ಹೆಸರುಗಳಿಂದ ನೇರವಾಗಿ ಚೀಟಿ ಎತ್ತುವುದು ಹಣ, ಓಡಾಟಗಳ ಕಾರಣಕ್ಕೆ ಹೆಚ್ಚಿನವರಿಗೆ ಆಗದ ಮಾತು. ಹದಿನಾರು ಹಳ್ಳಿ ಆರಿಸಿ, ಹಳ್ಳಿಗೆ 24 ಮಂದಿಯಂತೆ 384 ತುಂಬಿಸುವುದು ರೂಢಿ. ಬಸ್ಸು ನಿಲ್ಲುವ ರಸ್ತೆಬದಿಯ ಊರುಗಳನ್ನೇ ಆರಿಸಿಕೊಂಡರೆ ಶಾಲೆಗೆ ಹೋಗಲು ಅನುಕೂಲವಿರುವ ಊರುಗಳನ್ನೇ ಆರಿಸಿದಂತಾಯಿತು. ಅದನ್ನು ಬಿಟ್ಟರೂ ಒಂದೇ ಊರಿನ 24 ಜನ ಒಬ್ಬರಿಗೊಬ್ಬರು ಹೋಲುತ್ತಾರೆ: ಅದೇ ಶಾಲೆ, ಅದೇ ನೀರು, ಅದೇ ಬಸ್ಸು. ಹೊಸ ಮಾಹಿತಿ ಕೊಡುವವರು ಅವರಲ್ಲಿ ಕೆಲವರಷ್ಟೇ. ಈ ಹೋಲಿಕೆಯ ಪ್ರಮಾಣ 0.1 ಎಂದು ಹಿಡಿದರೆ (ಶಿಕ್ಷಣದ ವಿಷಯಕ್ಕೆ ಅದು ವಿಪರೀತವೇನಲ್ಲ) ಸೂತ್ರ ಸರಳ: 24ರಲ್ಲಿ 1 ಕಳೆದು 0.1ರಿಂದ ಗುಣಿಸಿ 1 ಕೂಡಿಸಿದರೆ 3.3. 384ನ್ನು 3.3ರಿಂದ ಭಾಗಿಸಿದರೆ ಉಳಿಯುವುದು 116. ಪ್ರಬಂಧದಲ್ಲಿ ಅಚ್ಚಾಗುವುದು 384, ಮಾಹಿತಿಯ ತೂಕ ಮಾತ್ರ 116 ಜನರದು. ಶೇ. 5 ಎಂದುಕೊಂಡಿದ್ದ ತಪ್ಪಿನ ಅಂಚು ಶೇ. 9ಕ್ಕೆ ಹಿಗ್ಗುತ್ತದೆ. ಹೋದ ವರ್ಷಕ್ಕಿಂತ ಹಾಜರಾತಿ ಶೇ. 6 ಹೆಚ್ಚಿದೆ ಎಂದು ಇಂಥ ಅಧ್ಯಯನ ಸಾರಿದರೆ, ಅದು ನಿಜವಾದ ಏರಿಕೆಯೋ ಬರಿಯ ಆಕಸ್ಮಿಕವೋ ಹೇಳಲು ಬರುವುದಿಲ್ಲ.

ಇವೆರಡಕ್ಕಿಂತಲೂ ಗಂಭೀರವಾದದ್ದು ಋತುವಿನ ಪ್ರಶ್ನೆ. ವಿಜಯಪುರ ಜಿಲ್ಲೆಯ ಒಣಬೇಸಾಯದ ಊರುಗಳಿಂದ, ಲಂಬಾಣಿ ತಾಂಡಾಗಳಿಂದ ಜನ ಗುಳೆ ಹೋಗುತ್ತಾರೆ. ದೀಪಾವಳಿ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ ಕಬ್ಬು ಕಡಿಯುವ ತಂಡಗಳು ಮಹಾರಾಷ್ಟ್ರದ ಕಡೆಗೆ ಹೊರಡುತ್ತವೆ, ಕಟ್ಟಡದ ಕೆಲಸಕ್ಕೆ ಗೋವಾ, ಪುಣೆಗಳತ್ತ ಹೋಗುವವರೂ ಬಹಳ. ಡಿಸೆಂಬರಿನಲ್ಲಿ ಪ್ರಶ್ನಾವಳಿ ಹಿಡಿದು ಹೋದವರಿಗೆ ಸಿಗುವುದು ಬೀಗ ಹಾಕಿದ ಬಾಗಿಲು. 'ಮನೆಯಲ್ಲಿ ಯಾರೂ ಇರಲಿಲ್ಲ, ಪಕ್ಕದ ಮನೆಯವರಿಂದ ತುಂಬಿಸಿದೆ' ಎಂಬ ಪರಿಹಾರ ಕಾಗದದ ಮೇಲೆ ನಿರುಪದ್ರವಿಯಾಗಿ ಕಾಣುತ್ತದೆ. ಲೆಕ್ಕಕ್ಕಾಗಿ ಮೂರು ನೂರು ಮಕ್ಕಳಿರುವ ಊರೊಂದನ್ನು ಊಹಿಸಿಕೊಳ್ಳಿ. ಊರಲ್ಲೇ ಉಳಿದ ಮನೆಗಳ 200 ಮಕ್ಕಳಲ್ಲಿ 180 ಮಂದಿ ಶಾಲೆಗೆ ಹೋಗುತ್ತಾರೆ, ಗುಳೆ ಹೋದ ಮನೆಗಳ 100 ಮಕ್ಕಳಲ್ಲಿ ಹೋಗುವುದು 30 ಮಾತ್ರ. ನಿಜವಾದ ಹಾಜರಾತಿ ಶೇ. 70. ಬಾಗಿಲು ತೆರೆದ ಮನೆಗಳನ್ನಷ್ಟೇ ಕೇಳಿದವರಿಗೆ ಸಿಗುವುದು ಶೇ. 90. ಅಂಥ ಊರುಗಳಲ್ಲಿ 384ರ ಬದಲು 3,840 ಮನೆ ತಿರುಗಿದರೂ ಉತ್ತರ ಶೇ. 90 ಆಗಿಯೇ ಉಳಿಯುತ್ತದೆ, ತಪ್ಪಿನ ಮೇಲಿನ ನಂಬಿಕೆ ಮಾತ್ರ ಗಟ್ಟಿಯಾಗುತ್ತದೆ. ಶಾಲೆ ತಪ್ಪಿದ ಮಗುವಿಗಾಗಿಯೇ ಕೈಗೊಂಡ ಅಧ್ಯಯನದಿಂದ ಆ ಮಗುವೇ ಹೊರಗುಳಿಯುವುದು ನನಗೆ ಬರಿಯ ಅಂಕಿಅಂಶದ ದೋಷವಾಗಿ ಕಾಣುವುದಿಲ್ಲ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಿಗೂ ಇದೇ ಮಾತು ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ: ಚಾಟ್ನಿಯ (ಬಳ್ಳಿ ಸವರುವ), ಕಟಾವಿನ ದಿನಗಳಲ್ಲಿ ಹಗಲು ಮನೆಯಲ್ಲಿ ಸಿಗುವ ಹೆಂಗಸರು ಕೂಲಿಗೆ ಹೋಗದವರು.

ಸಂಖ್ಯೆ ದೊಡ್ಡದಾದರೆ ಇಂಥ ದೋಷಗಳು ತಾವೇ ಸರಿಹೋಗುತ್ತವೆ ಎನ್ನುವವರಿಗೆ ಜಗತ್ತು 1936ರಲ್ಲೇ ಉತ್ತರ ಕೊಟ್ಟಿದೆ. ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ 'ಲಿಟರರಿ ಡೈಜೆಸ್ಟ್' ಪತ್ರಿಕೆ ಸುಮಾರು ಒಂದು ಕೋಟಿ ಕಾರ್ಡು ಕಳಿಸಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ಪತ್ರಿಕೆ ಹೆಸರು ಹೆಕ್ಕಿದ್ದು ಟೆಲಿಫೋನು, ಕಾರು ಇದ್ದವರ ಪಟ್ಟಿಗಳಿಂದ, ಅಲ್ಲದೆ ಕಾರ್ಡು ಮರಳಿಸುವ ಆಸಕ್ತಿ ಎಲ್ಲರಲ್ಲೂ ಒಂದೇ ಸಮ ಇರಲಿಲ್ಲ. ಅದೇ ದಶಕದಲ್ಲಿ ಬಂಗಾಳದ ಸೆಣಬಿನ ಬೆಳೆಯನ್ನು ಅಳೆಯಲು ಹೊರಟ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಇನ್ನೊಂದು ದಾರಿ ಹಿಡಿದರು. ಆಯ್ದ ಕೆಲವೇ ತುಂಡು ನೆಲಗಳನ್ನು ಎರಡು ಬೇರೆ ತಂಡಗಳಿಂದ ಅಳೆಸಿ ಒಂದಕ್ಕೊಂದು ತಾಳೆ ನೋಡಿದರು. ಹೊಲಹೊಲ ಎಣಿಸಿ ತಂದ ಪೂರ್ಣ ಲೆಕ್ಕಕ್ಕಿಂತ ಅವರ ಮಾದರಿಯ ಲೆಕ್ಕವೇ ವ್ಯಾಪಾರದ ಅಂಕಿಗಳಿಗೆ ಹತ್ತಿರ ಬಂತು. 1950ರಲ್ಲಿ ಶುರುವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಬುನಾದಿ ಹಾಕಿದ್ದು ಇದೇ ಅನುಭವ.

ಇದಕ್ಕೆ ಎದುರಾಗುವ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮಹಾಲನೋಬಿಸರಿಗೆ ಸಂಸ್ಥೆಯಿತ್ತು, ಸಿಬ್ಬಂದಿಯಿತ್ತು. ಶಿಷ್ಯವೇತನ ತಡವಾಗಿ ಬರುವ, ಮನೆಗೆಲಸವನ್ನೂ ನಿಭಾಯಿಸುವ ವಿದ್ಯಾರ್ಥಿನಿ ಎರಡು ಋತುಗಳಲ್ಲಿ ಹಳ್ಳಿ ತಿರುಗುವುದೆಲ್ಲಿಂದ? ನನ್ನ ಉತ್ತರ: ಜನರನ್ನು ಕಡಿಮೆ ಮಾಡಿ, ಊರುಗಳನ್ನು ಹೆಚ್ಚಿಸಿ. ಮೂವತ್ತು ಊರುಗಳಲ್ಲಿ ಊರಿಗೆ ಆರರಂತೆ 180 ಜನರನ್ನು ಕೇಳಿದರೆ ಮೇಲಿನ ಸೂತ್ರದಲ್ಲಿ ಅದರ ತೂಕ 120, ಹದಿನಾರು ಊರಿನ 384ಕ್ಕಿಂತ ತುಸು ಹೆಚ್ಚೇ. ಓಡಾಟ ಬೆಳೆಯುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಉಳಿದ 204 ಪ್ರಶ್ನಾವಳಿಗಳ ಶ್ರಮವನ್ನು ಬೀಗ ಹಾಕಿದ ಮನೆಗಳಿಗೆ ಜುಲೈ, ಆಗಸ್ಟಿನಲ್ಲಿ ಮತ್ತೆ ಹೋಗಿಬರಲು ಬಳಸಬಹುದು. ಏತ ನೀರಾವರಿಯಿಂದ ಕೆರೆ ತುಂಬಿದ ಊರುಗಳು, ನೀರು ತಲುಪದ ಊರುಗಳು ಎಂದು ಮೊದಲೇ ವಿಂಗಡಿಸಿ ಎರಡರಿಂದಲೂ ಚೀಟಿ ಎತ್ತಿದರೆ ಗುಳೆಯ ವ್ಯತ್ಯಾಸವೂ ಗೋಚರಿಸುತ್ತದೆ. ಎಷ್ಟು ಬಾಗಿಲು ಮುಚ್ಚಿತ್ತು ಎಂಬುದನ್ನು ಬರೆದಿಡಲಂತೂ ಯಾವ ಖರ್ಚೂ ಇಲ್ಲ. ಪರೀಕ್ಷಕರು 384 ಎಲ್ಲಿ ಎಂದು ಕೇಳಿಯಾರೆಂಬ ಅಂಜಿಕೆಗೆ ಈ ಲೆಕ್ಕವೇ ಉತ್ತರ.

ಇನ್ನು ಕೆಲವರು ಇದೆಲ್ಲ ಹೊರಗಿನಿಂದ ಬಂದ ಸಂಖ್ಯೆಗಳ ಶಾಸ್ತ್ರ, ನಮ್ಮ ಜನಜೀವನ ಅದರಲ್ಲಿ ಹಿಡಿಸದು ಎನ್ನುತ್ತಾರೆ. ಅರ್ಧ ನಿಜ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದೇ ಹಳ್ಳಿಯಲ್ಲಿ ನೆಲೆಸಿ ಜಾತಿ ಸಂಬಂಧಗಳನ್ನು ಗಮನಿಸಿದರು, ಶೇಕಡಾವಾರು ಲೆಕ್ಕ ಅವರ ಗುರಿಯಾಗಿರಲಿಲ್ಲ. ಒಂದು ಸಂಬಂಧ ಹೇಗೆ ನಡೆಯುತ್ತದೆ ಎಂಬ ಪ್ರಶ್ನೆಗೆ ಒಂದು ಊರು ಸಾಕು, ಎಷ್ಟು ಊರುಗಳಲ್ಲಿ ಹಾಗಿದೆ ಎಂಬ ಪ್ರಶ್ನೆಗೆ ಸಾಲದು. ವಿಜಯಪುರಕ್ಕೆ ತನ್ನದೇ ಮೇಲ್ಪಂಕ್ತಿಯೂ ಇದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿ ಮನೆಗಳಲ್ಲಿ, ಮಠಗಳಲ್ಲಿ ಉಳಿದಿದ್ದ ವಚನಗಳ ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಪ್ರಕಟಿಸಿ, ಮುಂದೆ ಸ್ವಂತ ಮುದ್ರಣಾಲಯ ಕಟ್ಟಿ, 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಅವರ ಕೈಗೆ ಬಂದದ್ದು ಉಳಿದ ಗರಿಗಳು ಮಾತ್ರ, ಬರೆದ ಎಲ್ಲವೂ ಅಲ್ಲ. ಅದೂ ಒಂದು ಬಗೆಯ ಮಾದರಿಯೇ. ಆದರೆ ಸಿಕ್ಕಿದ್ದನ್ನು ಅವರು ಎಲ್ಲರ ಕಣ್ಣಿಗೂ ಬೀಳುವಂತೆ ಅಚ್ಚಿಗೆ ತಂದದ್ದರಿಂದ ಮುಂದಿನವರು ಹೊಸ ಪ್ರತಿಗಳೊಂದಿಗೆ ಹೋಲಿಸಿ ಪರಿಷ್ಕರಿಸಲು ಸಾಧ್ಯವಾಯಿತು. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರ ತಂದ ಹದಿನೈದು ಸಂಪುಟಗಳ ಹಿಂದೆ ಆ ಸರಣಿಯಿದೆ. ಸಂಖ್ಯೆಯಿರಲಿ ಗರಿಯಿರಲಿ, ಬೇರೆಯವರು ಮರಳಿ ಪರೀಕ್ಷಿಸಲು ಬರುವಂತೆ ದಾಖಲಿಸುವ ಶಿಸ್ತು ಒಂದೇ.

ಸರ್ಕಾರದ ಪೂರ್ಣ ಗಣತಿಗೂ ಇದರಿಂದ ವಿನಾಯಿತಿ ಇಲ್ಲ. 2011ರ ಜನಗಣತಿ ಜಿಲ್ಲೆಯ ಸಾಕ್ಷರತೆಯನ್ನು ಸುಮಾರು ಶೇ. 67, ಮಹಿಳೆಯರದನ್ನು ಸುಮಾರು ಶೇ. 57 ಎಂದು ತೋರಿಸಿತು. ಆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ, ಕಬ್ಬಿನ ಹಂಗಾಮು ಇನ್ನೂ ಮುಗಿಯದ ದಿನಗಳಲ್ಲಿ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಅವರು ಇದ್ದ ಕಡೆಯೇ ಎಣಿಸುವುದು ನಿಯಮ. ಕಬ್ಬಿನ ಗದ್ದೆಯ ಗುಡಿಸಲಲ್ಲಿದ್ದ ತಾಂಡಾದ ಕುಟುಂಬ ಆ ಲೆಕ್ಕದಲ್ಲಿ ಸೇರಿದ್ದರೆ ಸೇರಿರುವುದು ಮಹಾರಾಷ್ಟ್ರದ ಯಾವುದೋ ಜಿಲ್ಲೆಗೆ. ತಿಕೋಟಾ, ಬಬಲೇಶ್ವರಗಳು ತಾಲ್ಲೂಕುಗಳಾಗಿ ಮೊದಲ ಸಲ ಎಣಿಕೆಗೆ ಬರಲಿರುವ ಜನಗಣತಿಗೆ ನಿಗದಿಯಾದ ದಿನಾಂಕ 2027ರ ಮಾರ್ಚ್ 1, ಅದೂ ಅದೇ ಹಂಗಾಮು. ಅದರ ಕೋಷ್ಟಕಗಳು ಬಂದಾಗ ಜೊತೆಗಿಟ್ಟು ನೋಡಲು, ಮಳೆಗಾಲದಲ್ಲಿ ತಾಂಡಾದ ಬಾಗಿಲುಗಳು ತೆರೆದಿದ್ದಾಗ ಯಾರಾದರೂ ಮಾಡಿಟ್ಟ ಮನೆಪಟ್ಟಿ ಬೇಕಾಗುತ್ತದೆ.