ಮುಂದಿನ ಗಾಲಿ ಕಿರುಚಿದಾಗ...



ಹಬ್ಬಕ್ಕೆ ಬೆಳಗಾವಿ, ಧಾರವಾಡದ ಕಡೆ ಹೋಗಿ ಕಾರಿನಲ್ಲಿ ಪುಣೆಗೆ ಮರಳುವಾಗ ಕಾತ್ರಜದ ಹೊಸ ಸುರಂಗ ದಾಟಿದೊಡನೆ 'ಮನೆ ಬಂತು' ಎನ್ನಿಸುತ್ತದಲ್ಲವೇ? ಅಲ್ಲಿಂದ ನವಲೆ ಸೇತುವೆಯವರೆಗೆ ರಸ್ತೆ ಒಂದೇ ಸಮನೆ ಇಳಿಯುತ್ತದೆ. 2022ರ ನವೆಂಬರಿನಲ್ಲಿ ಅದೇ ಇಳಿಜಾರಿನಲ್ಲಿ ಒಂದು ಲಾರಿ ಹತ್ತಾರು ವಾಹನಗಳಿಗೆ ಗುದ್ದಿದ್ದು ನಿಮಗೆ ನೆನಪಿರಬಹುದು. ಲಾರಿಯವರನ್ನು ಬೈಯುವುದು ಸುಲಭ. ಆದರೆ ನಿಮ್ಮದೇ ಕಾರಿನ ಬ್ರೇಕನ್ನು ನೀವು ಎಂದಾದರೂ ಕಣ್ಣಾರೆ ನೋಡಿದ್ದೀರಾ?

ನೋಡಲು ಒಂದು ಭಾನುವಾರದ ಬೆಳಗು ಸಾಕು. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವ ಸಣ್ಣ ಕಾರುಗಳಲ್ಲಿ ಮುಂದಿನ ಗಾಲಿಗಳಿಗೆ ಡಿಸ್ಕ್, ಹಿಂದಿನವಕ್ಕೆ ಡ್ರಮ್. ಅಡುಗೆಮನೆಯ ಇಕ್ಕಳ ಪಾತ್ರೆಯ ಅಂಚನ್ನು ಹಿಡಿಯುವಂತೆ, ಕ್ಯಾಲಿಪರ್ ಎಂಬ ಇಕ್ಕಳ ಎರಡು ಪ್ಯಾಡುಗಳ ನಡುವೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುತ್ತದೆ. ಓಟವೆಲ್ಲ ಶಾಖವಾಗುತ್ತದೆ. ವೇಗ ಇಮ್ಮಡಿಯಾದರೆ ಆ ಶಾಖ ನಾಲ್ಕು ಪಟ್ಟು! ಬ್ರೇಕ್ ಒತ್ತಿದಾಗ ನಿಮ್ಮ ತಲೆ ಮುಂದಕ್ಕೆ ವಾಲುತ್ತದಲ್ಲ, ಕಾರಿನ ಭಾರವೂ ಹಾಗೆಯೇ ಮುಂದಕ್ಕೆ ವಾಲುತ್ತದೆ. ಆದ್ದರಿಂದಲೇ ಮುಂದಿನ ಪ್ಯಾಡುಗಳು ಮೊದಲು ಸವೆಯುತ್ತವೆ.

ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ, ಅಂದರೆ ಎರಡು ಒಂದು ರೂಪಾಯಿ ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟಷ್ಟಕ್ಕೆ ಇಳಿದರೆ ಬದಲಿಸಿ. ಹಲವು ಪ್ಯಾಡುಗಳಲ್ಲಿ ಒಂದು ತಗಡಿನ ನಾಲಗೆ ಇರುತ್ತದೆ. ಪದರ ಸವೆದಾಗ ಅದು ಡಿಸ್ಕಿಗೆ ತಾಗಿ 'ಕೀಂಯ್' ಎಂದು ಕಿರುಚುತ್ತದೆ. ಆ ಕಿರುಚಾಟ 'ಕರ್ರ್' ಎಂಬ ಕೆರೆತವಾಯಿತೆಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಡಿಸ್ಕೂ ಕೆಡುತ್ತಿದೆ ಎಂದರ್ಥ.

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಹಿಂದಿನ ಗಾಲಿಗಳಿಗೆ ಇಟ್ಟಿಗೆ ಕೊಡಿ. ಗಾಲಿ ನೆಲದ ಮೇಲಿರುವಾಗಲೇ ನಟ್ಟುಗಳನ್ನು ತುಸು ಸಡಿಲಿಸಿಕೊಳ್ಳಬೇಕು. ಜಾಕ್ ಏರಿಸಿದ ಮೇಲೆ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕನ್ನು ನಂಬಿ ಕೈ ಹಾಕಬೇಡಿ, ಅದು ಜಾರಿದರೆ ನಿಮಗೆ ಕೈ ಹಿಂದೆಗೆಯಲು ಸಮಯವಿರುವುದಿಲ್ಲ.

ಗಾಲಿ ಕಳಚಿ. ಬಹಳಷ್ಟು ಕಾರುಗಳಲ್ಲಿ ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿದರೆ ಅದು ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ಏಳುತ್ತದೆ. ಪೂರ್ತಿ ಬಿಚ್ಚಬೇಕಾಗಿ ಬಂದರೆ ತಂತಿಯಿಂದ ಕಟ್ಟಿ, ರಬ್ಬರ್ ಪೈಪಿನ ಮೇಲೆ ಜೋತುಬೀಳಲು ಬಿಡಬೇಡಿ. ಪ್ಯಾಡುಗಳನ್ನು ಹೊರತೆಗೆಯಿರಿ. ಕಪ್ಪು ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆಯ ಪ್ಯಾಡುಗಳನ್ನು ಎಸೆಯುವ ಮುನ್ನ ಎದುರುಬದುರಾಗಿ ಇಟ್ಟು ನೋಡಿ. ಒಳಗಿನದು ಹೊರಗಿನದಕ್ಕಿಂತ ಬಹಳ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ನು ಹಿಡಿದುಕೊಂಡಿರಬಹುದು. ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಸವರಬೇಕು. ಪ್ಯಾಡಿನ ಮುಖಕ್ಕೆ ಮಾತ್ರ ಗ್ರೀಸಿನ ಒಂದು ಹನಿಯೂ ತಾಗಕೂಡದು.

ಹೊಸ ಪ್ಯಾಡುಗಳು ದಪ್ಪ. ಅವಕ್ಕೆ ಜಾಗವಾಗಲೆಂದು ಕ್ಯಾಲಿಪರಿನ ಪಿಸ್ಟನ್ನನ್ನು ಬಡಗಿಯ ಸಿ-ಕ್ಲ್ಯಾಂಪಿನಿಂದ ಮೆಲ್ಲಗೆ ಒಳಕ್ಕೆ ಒತ್ತಬೇಕು. ಆಗ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಏರುತ್ತದೆ, ಉಕ್ಕಿದರೆ ಕಾರಿನ ಬಣ್ಣ ಕಿತ್ತುಬರುತ್ತದೆ. ಸುತ್ತ ಬಟ್ಟೆ ಇಟ್ಟಿರಿ. ಪ್ಯಾಡು ಕೂರಿಸಿ, ಬೋಲ್ಟುಗಳನ್ನು ಕಾರಿನ ಕೈಪಿಡಿ ಹೇಳಿದಷ್ಟು ಬಿಗಿಯಿರಿ. ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಕೈಹಾಕಿ. ಯಾವುದು ಎಲ್ಲಿತ್ತೆಂದು ಮರೆತರೆ ಬಿಚ್ಚದ ಬದಿ ನೋಡಿ ತಿಳಿಯಬಹುದು. ಎರಡೂ ಬದಿ ಬದಲಿಸಲೇಬೇಕು, ಇಲ್ಲವಾದರೆ ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ.

ಇನ್ನು ನಾನು ಪುಸ್ತಕದಿಂದ ಕಲಿಯದ ಮಾತು. ಮೊದಲ ಸಲ ಇಷ್ಟೆಲ್ಲ ಮಾಡಿ ಮುಗಿಸಿದಾಗ ನನಗೆ ಎಲ್ಲಿಲ್ಲದ ಹೆಮ್ಮೆ. ಕಾರ್ಖಾನೆಯಲ್ಲಿ ಟರ್ನರ್ ಆಗಿ ನಿವೃತ್ತರಾದ ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೈ ಒರೆಸಿಕೊಂಡವನೇ ಕಾರು ಚಾಲೂ ಮಾಡಿ ರಿವರ್ಸ್ ತೆಗೆದೆ. ಬ್ರೇಕ್ ಒತ್ತಿದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು, ಕಾರು ನಿಲ್ಲಲಿಲ್ಲ! ಹ್ಯಾಂಡ್ ಬ್ರೇಕ್ ಎಳೆದದ್ದು ಹೇಗೋ ತಿಳಿಯದು. ಪಕ್ಕದ ಮನೆಯ ಸ್ಕೂಟರಿಗೆ ಒಂದು ಗೇಣು ದೂರದಲ್ಲಿ ನಿಂತೆ. ಆ ಸ್ಕೂಟರಿನ ಸೀಟಿನ ಮೇಲೆ ಅವರ ಚಿಕ್ಕ ಹುಡುಗ ಕುಳಿತು ನಮ್ಮ ಕೆಲಸವನ್ನೇ ನೋಡುತ್ತಿದ್ದ. ಅಪ್ಪ ಬೈಯಲಿಲ್ಲ. ಎದ್ದು ಬಂದು, "ಗಾಡಿ ಚಾಲೂ ಮಾಡೋಕಿಂತ ಮೊದಲ ಬ್ರೇಕ್ ಒತ್ತಿ ನೋಡಬೇಕಲ್ಲೋ ತಮ್ಮಾ" ಎಂದರು, ಅಷ್ಟೆ. ಆ ದಿನ ನನಗೆ ಊಟ ಸೇರಲಿಲ್ಲ.

ಕಾರಣ ಇಷ್ಟೇ: ಒಳಕ್ಕೆ ತಳ್ಳಿದ ಪಿಸ್ಟನ್ ತಾನಾಗಿ ಹೊರಬರುವುದಿಲ್ಲ. ಪೆಡಲನ್ನು ಮತ್ತೆ ಮತ್ತೆ ಒತ್ತಿದಾಗಲೇ ಆಯಿಲ್ ಹೋಗಿ ಅದನ್ನು ಪ್ಯಾಡಿನವರೆಗೆ ತಳ್ಳುತ್ತದೆ. ಎಂಜಿನ್ ಚಾಲೂ ಮಾಡುವ ಮುನ್ನ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುವವರೆಗೆ ಒತ್ತಿ. ಡಬ್ಬಿಯಲ್ಲಿ ಆಯಿಲ್ ಮಟ್ಟ ನೋಡಿ. ಕಂಪೌಂಡಿನೊಳಗೆ ನಡಿಗೆಯ ವೇಗದಲ್ಲಿ ನಾಲ್ಕು ಸಲ ನಿಲ್ಲಿಸಿ ನೋಡಿ, ಆಮೇಲೆಯೇ ಗೇಟು ದಾಟಿ.

ಪಿಸ್ಟನ್ ಬಳಿ ಆಯಿಲ್ ಜಿನುಗಿದ್ದರೆ, ಪಿಸ್ಟನ್ ಕದಲದಿದ್ದರೆ, ಡಿಸ್ಕಿನ ಮೇಲೆ ಆಳವಾದ ಗೀರುಗಳಿದ್ದರೆ ಅಥವಾ ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಇದ್ದರೆ ಹಠ ಬೇಡ, ಮೆಕ್ಯಾನಿಕನನ್ನು ಮನೆಗೇ ಕರೆಸಿ.

ಹಬ್ಬದ ಹಿಂದಿನ ದಿನ ಈ ಕೆಲಸಕ್ಕೆ ಕೂರಬೇಡಿ. ಒಂದೆರಡು ವಾರ ಮೊದಲೇ ಮಾಡಿದರೆ ಊರಿನ ಓಡಾಟದಲ್ಲಿ ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಅಲ್ಲಿಯವರೆಗೆ ಜೋರಾಗಿ ಬ್ರೇಕ್ ಹಾಕುವುದು ಬೇಡ. ಘಟ್ಟ ಇಳಿಯುವಾಗ ನ್ಯೂಟ್ರಲ್ ಮಾಡದೆ ಕೆಳಗಿನ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಅರ್ಧ ಭಾರ ಹೊರುತ್ತದೆ. ಅಂದಹಾಗೆ, ಸಾತಾರಾದಲ್ಲಿ ಚಹಾಕ್ಕೆ ನಿಂತಾಗ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿ.